ಕುತ್ತಿಗೆ, ಕೀಬೋರ್ಡು ಮತ್ತು ಹರಳೆಣ್ಣೆ

ಯಾವುದೇ ಸಾಫ್ಟ್‌ವೇರ್ ಕಂಪನಿಯ ಮಧ್ಯಾಹ್ನ ಮೂರರ ಮೀಟಿಂಗನ್ನು ಸುಮ್ಮನೆ ಗಮನಿಸಿ. ಹತ್ತು ಜನ ಕೂತಿದ್ದರೆ ನಾಲ್ಕು ಜನರ ಕೈ ಅವರವರ ಕುತ್ತಿಗೆ ಮೇಲೇ ಇರುತ್ತೆ. ಒಬ್ಬ ಹೆಗಲು ಒತ್ತಿಕೊಳ್ತಿರ್ತಾನೆ, ಇನ್ನೊಬ್ಬಳು ಮಣಿಕಟ್ಟು ತಿರುವುತ್ತಿರುತ್ತಾಳೆ, ಮ್ಯಾನೇಜರ್ ಸಾಹೇಬರು ಸೊಂಟಕ್ಕೆ ಕೈ ಕೊಟ್ಟು ನಿಂತೇ ಮಾತಾಡುತ್ತಾರೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ನೋವಾದ ಕಡೆಗೆ ಕೈ ತಾನಾಗೇ ಹೋಗುತ್ತದೆ. ಮಂಡಿ ಟೇಬಲ್ಲಿಗೆ ಬಡಿದರೆ ಮೊದಲು ಉಜ್ಜಿಕೊಳ್ಳುತ್ತೇವೆ, ಆಮೇಲೆ ಟೇಬಲ್ಲನ್ನು ಬೈಯುತ್ತೇವೆ.

ಈ ಉಜ್ಜಿಕೊಳ್ಳೋದು ಬರೀ ಮನಸ್ಸಿನ ಸಮಾಧಾನಕ್ಕಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ನೋವಿನ ಸುದ್ದಿ ಸೀದಾ ಮೆದುಳಿಗೆ ಹೋಗೋದಿಲ್ಲ, ಬೆನ್ನುಹುರಿಯಲ್ಲಿ ಒಂದು ಗೇಟು ದಾಟಬೇಕು. ನೋವನ್ನು ಹೊತ್ತು ತರುವ ನರತಂತುಗಳು ಸಣ್ಣವು, ನಿಧಾನ. ಸ್ಪರ್ಶವನ್ನು ತರುವವು ದಪ್ಪ, ಚುರುಕು. ಉಜ್ಜಿದಾಗ ಈ ದಪ್ಪ ತಂತುಗಳ ಸುದ್ದಿ ಗೇಟಿನಲ್ಲಿ ನುಗ್ಗಿ ನೋವಿಗೆ ದಾರಿ ಕಿರಿದು ಮಾಡುತ್ತದೆ. ಬೆಳಿಗ್ಗೆ ಎಂಟರ ಬಸ್ಸಿಗೆ ಗಟ್ಟಿ ಆಳುಗಳು ಮೊದಲು ಹತ್ತಿಬಿಟ್ಟರೆ ಉಳಿದವರು ಕೆಳಗೇ ನಿಲ್ಲೋ ಹಾಗೆ. ಆ ಸಿದ್ಧಾಂತದ ಒಳವಿವರಗಳು ಆಮೇಲೆ ಸಾಕಷ್ಟು ಬದಲಾದವು, ಮೂಲ ಮಾತು ಮಾತ್ರ ನಿಂತಿದೆ.

ಇನ್ನೊಂದು ಸಂಗತಿ ನನಗೆ ಇನ್ನೂ ಇಷ್ಟ. ನಮ್ಮ ಚರ್ಮದಲ್ಲಿ, ಅದರಲ್ಲೂ ರೋಮ ಇರುವ ಕಡೆ, ಸಿ-ಟ್ಯಾಕ್ಟೈಲ್ ಅನ್ನೋ ನರತಂತುಗಳಿವೆ. ಮೈಯಷ್ಟೇ ಬೆಚ್ಚಗಿರುವ ಕೈ, ಸೆಕೆಂಡಿಗೆ ಒಂದರಿಂದ ಹತ್ತು ಸೆಂಟಿಮೀಟರ್ ವೇಗದಲ್ಲಿ ನೇವರಿಸಿದಾಗ ಇವು ಅತಿ ಹೆಚ್ಚು ಎಚ್ಚರಗೊಳ್ಳುತ್ತವೆ. ತಾಯಿ ಮಗುವಿನ ಬೆನ್ನು ನೇವರಿಸೋ ವೇಗ ಹೆಚ್ಚುಕಮ್ಮಿ ಅದೇ. ಅಂದರೆ ಮಸಾಜ್ ಮೊದಲು ಮಾತಾಡಿಸೋದು ಮಾಂಸಖಂಡವನ್ನಲ್ಲ, ನರಮಂಡಲವನ್ನು. "ಅಪಾಯ ಇಲ್ಲ, ಸಡಿಲ ಬಿಡು" ಅಂತ ಹೇಳುವುದೇ ಅದರ ದೊಡ್ಡ ಕೆಲಸ.

ನಮ್ಮೂರು ಅರಸೀಕೆರೆ ಕಡೆಯ ಒಣಭೂಮಿ. ರಾಗಿ ಹೊಲದ ಅಂಚಿಗೆ ಹರಳಿನ ಗಿಡ ಹಾಕೋರು. ಆ ಬೀಜ ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆಯೇ ವರ್ಷವಿಡೀ ತಲೆಗೆ, ಮೈಗೆ, ಮಂಡಿಗೆ, ಎಳೆಮಕ್ಕಳಿಗೆ, ಬಾಣಂತಿಗೆ. ಆಮೇಲೆ ಹಂಡೆ ತುಂಬ ಬಿಸಿನೀರು. ವಾಗ್ಭಟನ ಅಷ್ಟಾಂಗ ಹೃದಯ ದಿನಾ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ತಲೆ, ಕಿವಿ, ಪಾದ ಮರೀಬೇಡಿ ಅನ್ನುತ್ತದೆ. ಅಜೀರ್ಣ ಆಗಿದ್ದಾಗ ಬೇಡ ಅಂತಲೂ ಅನ್ನುತ್ತದೆ. ನಮ್ಮಜ್ಜಿ ಆ ಪುಸ್ತಕ ಕಂಡವಳಲ್ಲ, ಆದರೆ "ಹೊಟ್ಟೆ ಸರಿ ಇಲ್ದಾಗ ಎಣ್ಣೆ ಸ್ನಾನ ಬ್ಯಾಡ ಕಣ್ಲಾ" ಅನ್ನೋಳು. ಎಣ್ಣೆಗೆ ಏನೇನೋ ಗುಣ ಹೇಳೋರಿದ್ದಾರೆ. ನನಗೆ ಕಾಣುವ ಮಟ್ಟಿಗೆ ಅದರ ಮುಖ್ಯ ಕೆಲಸ ಕೈ ಜಾರುವಂತೆ ಮಾಡೋದು. ಉಳಿದದ್ದು ಕೈಯದ್ದು, ಬಿಸಿನೀರಿನದ್ದು.

ಈಗ ಬೆಂಗಳೂರಿನ ಸ್ಪಾಗಳಿಗೆ ಬರೋಣ. ಅಲ್ಲಿ ಸಿಗೋ ಜ್ಞಾನವೇ ಬೇರೆ. "ಸರ್, ನಿಮ್ಮ ಮಸಲ್‌ನಲ್ಲಿ ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ, ತೆಗೀತೀವಿ" ಅಂತಾರೆ. ವ್ಯಾಯಾಮ ಮುಗಿದ ಗಂಟೆ ಒಂದೆರಡರೊಳಗೆ ದೇಹ ಅದನ್ನು ತಾನೇ ಖಾಲಿ ಮಾಡಿರುತ್ತದೆ. 2012ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 11 ಯುವಕರಿಗೆ ಸುಸ್ತಾಗುವ ತನಕ ಸೈಕಲ್ ತುಳಿಸಿ, ಒಂದೇ ಕಾಲಿಗೆ ಹತ್ತು ನಿಮಿಷ ಮಸಾಜ್ ಮಾಡಿಸಿ, ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ಮಸಾಜ್ ಆದ ಕಾಲಿನಲ್ಲಿ ಉರಿಯೂತದ ಸಂಕೇತಗಳು ಕಮ್ಮಿ ಇದ್ದವು. ಲ್ಯಾಕ್ಟಿಕ್ ಆಸಿಡ್ ವಿಷಯದಲ್ಲಿ ಎರಡೂ ಕಾಲು ಒಂದೇ. ಪ್ರಯೋಗ ಚಿಕ್ಕದು, ಆದರೆ ಪಾಠ ಚೆನ್ನಾಗಿದೆ: ಕೈಗೆ ಗುಣ ಇದೆ, ಅದಕ್ಕೆ ಹೇಳುವ ಕಾರಣ ತಪ್ಪಿದೆ.

ಹಾಗೇ "ಡೀಪ್ ಟಿಷ್ಯೂ ಮಾಡಿಸಿದ್ರೇನೇ ಸರ್ ಪ್ರಯೋಜನ" ಅನ್ನೋ ಮಾತು. 2011ರಲ್ಲಿ ಅಮೆರಿಕದ ಸಿಯಾಟಲ್ ಕಡೆ, ಬಹುಕಾಲದ ಸೊಂಟನೋವಿದ್ದ 401 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ನೋವಿನ ಮೂಲ ಹುಡುಕಿ ಒತ್ತುವ ಮಸಾಜ್, ಒಂದಕ್ಕೆ ಬರೀ ಹಾಯೆನಿಸುವ ಮಸಾಜ್, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆ. ಹತ್ತು ವಾರದ ನಂತರ ಮಸಾಜ್ ಮಾಡಿಸಿಕೊಂಡವರು ಮಾಮೂಲಿ ಚಿಕಿತ್ಸೆಯವರಿಗಿಂತ ಚೆನ್ನಾಗಿದ್ದರು. ಎರಡು ಬಗೆಯ ಮಸಾಜ್ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅಳುವಷ್ಟು ಒತ್ತಿಸಿಕೊಳ್ಳೋದಕ್ಕೆ ಹೆಚ್ಚು ದುಡ್ಡು ಕೊಡುವ ಮುನ್ನ ಇದನ್ನು ನೆನಪಿಡಿ. ವರ್ಷ ಕಳೆಯೋ ಹೊತ್ತಿಗೆ ಆ ಲಾಭ ಬಹುತೇಕ ಕರಗಿತ್ತು ಅನ್ನೋದನ್ನೂ ನೆನಪಿಡಿ.

ಇನ್ನು ನರದ ವಿಷಯ. ಇಲ್ಲಿ ನಮ್ಮ ಭಾಷೆಯೇ ಸ್ವಲ್ಪ ಗೊಂದಲ ಮಾಡಿಟ್ಟಿದೆ. ಊರಲ್ಲಿ ರಕ್ತನಾಳವೂ ನರ, ಸ್ನಾಯುವಿನ ತುದಿಯ ಹಗ್ಗದಂಥದ್ದೂ ನರ, ನಿಜವಾದ ನರವೂ ನರ. "ನರ ಹಿಡ್ಕಂಡದೆ" ಅಂದಾಗ ನೂರರಲ್ಲಿ ಬಹುಪಾಲು ಅದು ಬಿಗಿದ ಸ್ನಾಯು. ಅದಕ್ಕೆ ಎಣ್ಣೆ, ಬಿಸಿ, ಕೈ ಮೂರೂ ಒಗ್ಗುತ್ತವೆ. ನಿಜವಾದ ನರ ಒತ್ತಿಕೊಂಡರೆ ಲಕ್ಷಣ ಬೇರೆ: ಜೋಮು, ಚುರುಚುರು, ಕರೆಂಟ್ ಹೊಡೆದ ಹಾಗೆ ಓಡುವ ನೋವು, ಕೊನೆಗೆ ಶಕ್ತಿ ಕುಂದುವುದು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾದರೆ ಮಣಿಕಟ್ಟಿನ ಸುರಂಗದಲ್ಲಿ ಮೀಡಿಯನ್ ನರ ಒತ್ತಿಕೊಂಡಿರಬಹುದು. ಅದಕ್ಕೆ ಕುತ್ತಿಗೆ ತಿಕ್ಕಿಸಿಕೊಂಡು ಫಲವಿಲ್ಲ.

ಏಳೆಂಟು ವರ್ಷದ ಹಿಂದೆ ಅಪ್ಪ ತೆಂಗಿನಕಾಯಿ ಮೂಟೆ ಎತ್ತೋವಾಗ ಸೊಂಟ ಹಿಡಿದುಕೊಂಡಿತು. ನಾಲ್ಕು ದಿನಕ್ಕೆ ನೋವು ಪಿರ್ರೆಯಿಂದ ಇಳಿದು ಪಾದಕ್ಕೆ ಬಂತು. ಪಕ್ಕದೂರಲ್ಲಿ ಉಳುಕು ತೆಗೆಯೋ ತಾತ ಒಬ್ಬರಿದ್ದರು, ಸುತ್ತ ಹತ್ತು ಹಳ್ಳಿಗೆ ಹೆಸರುವಾಸಿ. ನಾನು ರಜೆ ಹಾಕಿ ಬಂದಿದ್ದೆ, ಬೈಕಿನಲ್ಲಿ ಕರಕೊಂಡು ಬಂದೆ. ಎಣ್ಣೆ ಬಟ್ಟಲು ಬಿಸಿ ಮಾಡಿ ಇಟ್ಟಿದ್ದೆವು. ತಾತ ಅದನ್ನು ಮುಟ್ಟಲೇ ಇಲ್ಲ. ಅಪ್ಪನ್ನ ಮಂಚದ ಮೇಲೆ ಕೂರಿಸಿ, "ಕಾಲಿನ ಹೆಬ್ಬೆಟ್ಟು ಮ್ಯಾಕೆ ಎತ್ತಪ್ಪ" ಅಂದರು. ಎಡಗಾಲಿನದು ಎದ್ದಿತು. ಬಲಗಾಲಿನದು ಅಲುಗಿತು ಅಷ್ಟೇ. "ಹಿಮ್ಮಡಿ ಮೇಲೆ ನಾಕೆಜ್ಜೆ ನಡಿ" ಅಂದರು. ಬಲಪಾದ ತಪ್ಪನೆ ನೆಲಕ್ಕೆ ಬಿತ್ತು.

ತಾತ ಟವೆಲ್ ಹೆಗಲಿಗೆ ಹಾಕಿಕೊಂಡು ಎದ್ದರು. "ಇದು ನನ್ನ ಕೈಗೆ ಬರೋದಲ್ಲ ಕಣಪ್ಪ. ನಾಳೆ ಅಂತ ತಡ ಮಾಡ್ಬ್ಯಾಡ, ದೊಡ್ಡಾಸ್ಪತ್ರೆಗೆ ಕರ್ಕಂಡು ಹೋಗು." ನೂರು ರೂಪಾಯಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಮುಟ್ಟದೇ ಇದ್ದದ್ದಕ್ಕೆ ಯಾವ ದುಡ್ಡು ಅಂದರು. ಸ್ಕ್ಯಾನ್‌ನಲ್ಲಿ ಸೊಂಟದ ಡಿಸ್ಕ್ ಉಬ್ಬಿ ನರದ ಬೇರನ್ನು ಅದುಮಿದ್ದು ಕಾಣಿಸಿತು. ಇಂಥ ಕಾಲುನೋವು ಹೆಚ್ಚಿನವರಿಗೆ ವಾರಗಳಲ್ಲಿ ಆಪರೇಷನ್ ಇಲ್ಲದೇ ಇಳಿಯುತ್ತದಂತೆ. ಅಪ್ಪನಿಗೆ ಪಾದದ ಶಕ್ತಿಯೇ ಇಳಿಯುತ್ತಿದ್ದುದರಿಂದ ಆಪರೇಷನ್ ಆಯಿತು. ಈಗ ತೋಟಕ್ಕೆ ನಡೆದೇ ಹೋಗುತ್ತಾರೆ. ಮೂಟೆ ಎತ್ತೋದಿಲ್ಲ.

ನನ್ನ ಮಟ್ಟಿಗೆ ಮಸಾಜಿನ ಬಗ್ಗೆ ಯಾರೂ ಹೇಳದ ದೊಡ್ಡ ಪಾಠ ಆ ತಾತನದ್ದು. ಒಳ್ಳೆಯ ಕೈಗೆ ತನ್ನ ಎಲ್ಲೆ ಗೊತ್ತಿರುತ್ತದೆ. "ಒಂದೇ ಸಿಟ್ಟಿಂಗ್‌ನಲ್ಲಿ ನರ ಎಳೆದು ಕೂರಿಸ್ತೀನಿ" ಅನ್ನುವವರ ಹತ್ತಿರ ಹೋಗುವ ಮುನ್ನ ನೀವೇ ಕೆಲವನ್ನು ನೋಡಿಕೊಳ್ಳಿ. ಕೈಕಾಲಿನ ಶಕ್ತಿ ಕುಂದುತ್ತಿದೆಯೇ? ಡಾಕ್ಟರ್ ಹತ್ತಿರ ಹೋಗಿ. ಸೊಂಟನೋವಿನ ಜೊತೆ ತೊಡೆಸಂದಿಯ ಭಾಗ ಮರಗಟ್ಟಿದೆಯೇ, ಮೂತ್ರ ಕಟ್ಟಿದೆಯೇ? ಅವತ್ತೇ ಎಮರ್ಜೆನ್ಸಿಗೆ ಹೋಗಿ. ಅಮೆರಿಕದಿಂದ ಹದಿನೆಂಟು ಗಂಟೆ ಹಾರಿ ಬಂದ ಮೇಲೆ ಒಂದೇ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದೆಯೇ? ಒತ್ತಿಸಿಕೊಳ್ಳಲೇಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಮತ್ತೆ, ಕಟಿಂಗ್ ಆದ ಮೇಲೆ ಕುತ್ತಿಗೆಯನ್ನು ಲಟಕ್ ಅನ್ನಿಸೋ ಸೇವೆ. ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ಕುತ್ತಿಗೆ ತಿರುಚಲು ಬಿಡಬೇಡಿ. ಅದರೊಳಗೆ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ, ಜೋರಾಗಿ ತಿರುಚಿದರೆ ಅದರ ಒಳಪದರ ಹರಿದು ಪಾರ್ಶ್ವವಾಯು ಆದದ್ದುಂಟು.

ಕೀಲುನೋವಿಗೆ ಬಂದರೆ ನಮ್ಮ ಅವ್ವನ ಮಂಡಿಯೇ ನನ್ನ ಲ್ಯಾಬು. ನಲವತ್ತು ವರ್ಷ ಕುಕ್ಕರುಗಾಲಲ್ಲಿ ಕಳೆ ಕಿತ್ತ ಮಂಡಿ ಅದು. ಸವೆದ ಮೃದ್ವಸ್ಥಿಯನ್ನು ಯಾವ ಎಣ್ಣೆಯೂ ಬೆಳೆಸೋದಿಲ್ಲ. ಆದರೆ ಮಂಡಿ ನೋವಲ್ಲಿ ಅರ್ಧ ಕಾಟ ಅದರ ಸುತ್ತ ಬಿಗಿದುಕೊಂಡ ತೊಡೆಯದ್ದು, ಮೀನಖಂಡದ್ದು. ಕೈಗೆ ಸಿಗೋದು ಅದು. ಅಮೆರಿಕದಲ್ಲಿ ಮಂಡಿ ಸವೆದ 222 ಜನರ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾರಕ್ಕೊಮ್ಮೆಯಂತೆ ಎಂಟು ವಾರ ಮಸಾಜ್ ಮಾಡಿಸಿಕೊಂಡವರಿಗೆ, ಬರೀ ಕೈ ಇಟ್ಟು ತೆಗೆಸಿಕೊಂಡವರಿಗಿಂತ ನೋವು ಕಮ್ಮಿಯಾಗಿತ್ತು. ವರ್ಷದ ಕೊನೆಗೆ ಎಲ್ಲರೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತಿದ್ದರು. ಸೊಂಟನೋವಿನವರದೂ ಇದೇ ಕಥೆ ಆಗಿತ್ತಲ್ಲ.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಮಸಾಜ್ ನೋವನ್ನು ರಿಪೇರಿ ಮಾಡೋದಿಲ್ಲ, ನೋವಿನಿಂದ ಸ್ವಲ್ಪ ಹೊತ್ತು ಬಿಡುವು ಕೊಡಿಸುತ್ತದೆ. ಆ ಬಿಡುವಲ್ಲಿ ನಾವೇನು ಮಾಡ್ತೀವಿ ಅನ್ನೋದೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಬಹುಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಮಸಾಜ್ ಇದೆ, ವ್ಯಾಯಾಮವೂ ಇದೆ, ಸೊಂಟದ ಬೆಲ್ಟು ಬೇಡ ಅಂತಲೂ ಇದೆ. ಭಾನುವಾರ ಸ್ಪಾಗೆ ಹೋಗಿ, ಸೋಮವಾರದಿಂದ ಮತ್ತೆ ಹತ್ತು ಗಂಟೆ ಅಲುಗಾಡದೆ ಲ್ಯಾಪ್‌ಟಾಪಿನ ಮೇಲೆ ಬಾಗಿದರೆ ಕೊಂಡ ಬಿಡುವು ವಾಪಸ್ ಕೊಟ್ಟ ಹಾಗೆ. ನೋವು ಸಡಿಲವಾದ ಅದೇ ಸಂಜೆ ಹೆಗಲು ತಿರುಗಿಸಿ, ನಡೆದು ಬನ್ನಿ, ಮೆಟ್ಟಿಲು ಹತ್ತಿ. ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳಿ.

ಮನೆಮಂದಿಗೆಲ್ಲ ಕಾಲು ಒತ್ತಿದವಳು ಅವ್ವ. ಅವಳ ಕಾಲು ಒತ್ತೋರು ಯಾರೂ ಇರಲಿಲ್ಲ. ಈಗ ಊರಿಗೆ ಹೋದಾಗಲೆಲ್ಲ ರಾತ್ರಿ ಊಟ ಆದ ಮೇಲೆ ಹರಳೆಣ್ಣೆ ಬಿಸಿ ಮಾಡಿಕೊಂಡು ಕೂರುತ್ತೇನೆ. ತೊಡೆಯಿಂದ ಮೀನಖಂಡದ ತನಕ ಇಪ್ಪತ್ತು ನಿಮಿಷ. ಮೊದಮೊದಲು ಸಂಕೋಚದಿಂದ ಕಾಲು ಎಳಕೊಳ್ಳೋಳು, ಈಗ ತಾನೇ ಸೀರೆ ಮಂಡಿಗೆ ಸರಿಸಿ ಕೂರುತ್ತಾಳೆ. ಅದಾದ ಮೇಲೆ ಮಂಡಿ ಮಡಿಸದೆ ಒಂದೊಂದು ಕಾಲನ್ನೂ ಹತ್ತು ಸಲ ಮೇಲೆತ್ತಬೇಕು, ಇದು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಲೆಕ್ಕ. ಒತ್ತಿಸಿಕೊಳ್ಳೋವಾಗ ಕಣ್ಣು ಮುಚ್ಚಿರೋಳು, ಏಳನೇ ಎಣಿಕೆಗೆ ಕಣ್ಣು ಬಿಡುತ್ತಾಳೆ.

"ಹತ್ತಾಯ್ತೇನ್ಲಾ?"

"ಇನ್ನೂ ಮೂರು ಅವ್ವ."