ಮಗಳ ನಾಡಿ ನಲವತ್ತಾರು

“ಉಮ್ಮಾ, ನನ್ನ ನಾಡಿ ಕಡಿಮೆ ಇದೆಯಂತೆ. ಹೃದಯದ ಡಾಕ್ಟರಿಗೆ ತೋರಿಸಬೇಕಂತೆ.”

ಕಾಲೇಜಿನಿಂದ ಬಂದ ಮಗಳು ಇಷ್ಟು ಹೇಳಿ, ಚೀಟಿಯೊಂದನ್ನು ನನ್ನ ಕೈಗಿತ್ತು, ತಿನ್ನಲು ಏನಿದೆಯೆಂದು ಅಡುಗೆ ಮನೆಯ ಪಾತ್ರೆಗಳ ಮುಚ್ಚಳ ತೆಗೆದು ನೋಡತೊಡಗಿದಳು. ನಾನು ನಿಂತಲ್ಲೇ ನಿಂತೆ. ಅದು ಆರೋಗ್ಯ ತಪಾಸಣಾ ಶಿಬಿರದ ಚೀಟಿ. ಎತ್ತರ, ತೂಕ, ರಕ್ತದೊತ್ತಡ ಎಲ್ಲವೂ ಸರಿಯಿತ್ತು. ನಾಡಿ ಬಡಿತ ಎಂಬಲ್ಲಿ ಮಾತ್ರ 46 ಎಂದು ಬರೆದು, ಸುತ್ತ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

ನಿಧಾನ ನಾಡಿಯೆಂದರೆ ನಮ್ಮ ಮನೆಯಲ್ಲಿ ಎಲ್ಲರಿಗೂ ಭಯ. ನಾಲ್ಕು ವರ್ಷಗಳ ಹಿಂದೆ ಅತ್ತೆ ಬಚ್ಚಲು ಮನೆಯಲ್ಲಿ ತಲೆ ಸುತ್ತಿ ಬಿದ್ದಿದ್ದರು. ಆಸ್ಪತ್ರೆಗೆ ಒಯ್ದಾಗ ನಾಡಿ ನಿಮಿಷಕ್ಕೆ 38. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹೋಗಬೇಕಾದ ವಿದ್ಯುತ್ ಸಂಕೇತಕ್ಕೆ ನಡುವೆಯೇ ತಡೆಯುಂಟಾಗಿತ್ತು. ಎದೆಯ ಚರ್ಮದ ಕೆಳಗೆ ಪೇಸ್‌ಮೇಕರ್ ಇಟ್ಟ ಮೇಲೆಯೇ ಅವರು ಎದ್ದು ಓಡಾಡಿದ್ದು.

ಚೀಟಿಯ ಸುದ್ದಿ ಕೇಳಿದ ಅತ್ತೆ ತಮ್ಮ ಎದೆ ಮುಟ್ಟಿಕೊಂಡು, “ನನ್ನ ಕಾಯಿಲೆ ಮಗುವಿಗೂ ಬಂತಾ? ಇನ್ನು ಓಟ, ಗೀಟ ಯಾವುದೂ ಬೇಡ” ಎಂದುಬಿಟ್ಟರು. ನನಗೂ ಹಾಗೆಯೇ ಅನಿಸಿತು. ಮಗಳಿಗೆ ಆಗ 18 ವರ್ಷ. ಹೈಸ್ಕೂಲಿನಿಂದಲೇ ದೂರದ ಓಟದ ಹುಚ್ಚು. 5000 ಮೀಟರ್ ಅವಳ ಸ್ಪರ್ಧೆ. ವಾರಕ್ಕೆ 60 ಕಿಲೋಮೀಟರ್‌ನಷ್ಟು ಓಡುತ್ತಿದ್ದಳು. ಹೆಣ್ಣು ಮಗು ಇಷ್ಟೊಂದು ಓಡುವುದು ಸರಿಯೇ ಎಂದು ಕೇಳಿದ ಬಂಧುಗಳಿಗೆಲ್ಲ ಉತ್ತರ ಕೊಟ್ಟವಳು ನಾನೇ. ಆದರೆ ಆ ರಾತ್ರಿ ಅವಳ ಶೂಗಳನ್ನು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದವಳೂ ನಾನೇ.

ತಜ್ಞರ ಭೇಟಿಗೆ ಸಮಯ ಸಿಕ್ಕಿದ್ದು ಒಂಬತ್ತು ದಿನಗಳ ನಂತರ. ಆ ನಡುವೆ ಕಾಲೇಜಿನ ತಂಡಕ್ಕೆ ಆಯ್ಕೆಯ ಓಟ ನಡೆದುಹೋಯಿತು. ಮಗಳು ಜಗಳವಾಡಲಿಲ್ಲ. “ನನಗೆ ಏನೂ ಆಗಿಲ್ಲ ಉಮ್ಮಾ” ಎಂದು ಒಮ್ಮೆ ಹೇಳಿ ಸುಮ್ಮನಾದಳು. ಆ ಮೌನವೇ ನನ್ನನ್ನು ಹೆಚ್ಚು ಚುಚ್ಚಿತು.

ವೈದ್ಯರು ಚೀಟಿಯನ್ನು ಬದಿಗಿಟ್ಟು ಮೊದಲು ಮಗಳ ಮುಖ ನೋಡಿದರು. ತಲೆ ಸುತ್ತುತ್ತದೆಯೇ? ಪ್ರಜ್ಞೆ ತಪ್ಪಿದ್ದುಂಟೇ? ಓಡುವಾಗ ಎದೆ ನೋವು ಬರುತ್ತದೆಯೇ? ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರೆಯೇ? ಎಲ್ಲದಕ್ಕೂ ಇಲ್ಲ ಎಂದಾಯಿತು. ಇಸಿಜಿ, ಎಕೋ ಎರಡೂ ಸರಿಯಿದ್ದವು. ಕೊನೆಗೆ ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಪರದೆಯ ಮೇಲಿನ ಅಂಕಿ 46ರಿಂದ ಮೆಟ್ಟಿಲು ಹತ್ತಿದ ಹಾಗೆ ಏರುತ್ತಾ 180 ದಾಟಿತು.

“ನೋಡಿ ಅಮ್ಮಾ, ನಿಮ್ಮ ಅತ್ತೆಯ ಹೃದಯಕ್ಕೆ ಬೇಕೆಂದಾಗ ವೇಗ ಹೆಚ್ಚಿಸಲು ಆಗುತ್ತಿರಲಿಲ್ಲ. ಇವಳದ್ದು ಬೇಡವಾದಾಗ ನಿಧಾನ, ಬೇಕಾದಾಗ ವೇಗ. ಇದು ಕಾಯಿಲೆಯಲ್ಲ, ತರಬೇತಿ” ಎಂದರು.

ಅವರು ವಿವರಿಸಿದ್ದು ನಮ್ಮ ಬಾವಿಯ ಲೆಕ್ಕದಂತೆಯೇ ಇತ್ತು. ಸಣ್ಣ ಕೊಡಪಾನವಾದರೆ ಹಂಡೆ ತುಂಬಲು ಹೆಚ್ಚು ಸಲ ಸೇದಬೇಕು, ದೊಡ್ಡದಾದರೆ ಕಡಿಮೆ ಸಾಕು. ವಿಶ್ರಾಂತಿಯಲ್ಲಿರುವಾಗ ದೇಹಕ್ಕೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಬೇಕು. ಒಂದು ಬಡಿತಕ್ಕೆ 70 ಮಿಲಿಲೀಟರ್ ಹೊರಹಾಕುವ ಹೃದಯ ಅದಕ್ಕಾಗಿ 70ಕ್ಕಿಂತ ಹೆಚ್ಚು ಸಲ ಬಡಿಯಬೇಕು. 100 ಮಿಲಿಲೀಟರ್ ಹೊರಹಾಕುವ ಹೃದಯಕ್ಕೆ 50 ಬಡಿತ ಸಾಕು. ವರ್ಷಗಟ್ಟಲೆ ದೂರ ಓಡುವವರ, ಈಜುವವರ, ಸೈಕಲ್ ತುಳಿಯುವವರ ಹೃದಯದ ಕೋಣೆಗಳು ತುಸು ಹಿಗ್ಗುತ್ತವೆ. ಬಡಿತವನ್ನು ಇಳಿಸುವ ವೇಗಸ್ ನರದ ಹಿಡಿತವೂ ಬಿಗಿಯಾಗುತ್ತದೆ ಎಂದು ಹಿಂದಿನಿಂದಲೂ ಹೇಳುತ್ತಾರೆ. ಬಡಿತ ಹುಟ್ಟುವ ಜಾಗವೇ ತರಬೇತಿಯಿಂದ ಬದಲಾಗುತ್ತದೆ ಎಂದು 2014ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಲಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದಾರೆ. ನಮ್ಮಂಥವರಿಗೆ 60ರಿಂದ 100 ಸಾಮಾನ್ಯವಾದರೆ, ಇಂಥವರಲ್ಲಿ 40ರ ಆಸುಪಾಸೂ ಅಪರೂಪವಲ್ಲ. 1991ರಿಂದ 1995ರವರೆಗೆ ಸತತ ಐದು ಬಾರಿ ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದ ಸ್ಪೇನಿನ ಮಿಗುಯೆಲ್ ಇಂದುರೈನ್ ಅವರ ನಾಡಿ 28 ಎಂದು ವರದಿಯಾಗಿತ್ತು.

ಮನೆಗೆ ಬಂದ ಮೇಲೆ ನಾನು ಈ ಬಗ್ಗೆ ಓದತೊಡಗಿದೆ. ಅಮೆರಿಕದ ಕ್ಲಾರೆನ್ಸ್ ಡಿಮಾರ್ ಎಂಬ ಓಟಗಾರನ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. 1911ರಲ್ಲಿ ಅವರು ಬೋಸ್ಟನ್ ಮ್ಯಾರಥಾನ್ ಗೆದ್ದರು. ಆ ದಿನಗಳಲ್ಲೇ ವೈದ್ಯರು ಅವರ ಹೃದಯದಲ್ಲಿ ಏನೋ ಅಸಹಜ ಸದ್ದು ಕೇಳಿ ಓಟ ಬಿಡುವಂತೆ ಸಲಹೆಯಿತ್ತಿದ್ದರು. ಅಲ್ಲಿ ಅವರು ಮತ್ತೆ ಗೆದ್ದದ್ದು 1922ರಲ್ಲಿ. 1930ರ ಹೊತ್ತಿಗೆ ಒಟ್ಟು ಏಳು ಗೆಲುವು! 1958ರಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಬಳಿಕ ಹೃದಯವನ್ನು ಪರೀಕ್ಷಿಸಿದಾಗ, ಅದಕ್ಕೆ ರಕ್ತ ಒದಗಿಸುವ ನಾಳಗಳು ಸಾಮಾನ್ಯರಿಗಿಂತ ಎರಡು, ಮೂರು ಪಟ್ಟು ಅಗಲವಾಗಿದ್ದವು. ಮೊದಲ ಮತ್ತು ಎರಡನೆಯ ಗೆಲುವಿನ ನಡುವಿನ ಆ 11 ವರ್ಷ ಓದುವಾಗ ನನ್ನ ಕಣ್ಣಮುಂದೆ ಬಂದದ್ದು ಅಟ್ಟದ ಮೇಲಿನ ಶೂ.

ಹಾಗೆಂದು ಶಿಬಿರದವರು ಕೆಂಪು ಗೆರೆ ಎಳೆದದ್ದು ತಪ್ಪಲ್ಲ. ಓಡುವವರಿಗೂ ಹೃದಯದ ಕಾಯಿಲೆ ಇರಬಹುದು. ತಲೆ ಸುತ್ತು, ಪ್ರಜ್ಞೆ ತಪ್ಪುವುದು, ಎದೆ ನೋವು, ಮೊದಲಿಲ್ಲದ ಆಯಾಸ ಕಂಡರೆ ‘ಕ್ರೀಡಾಪಟುವಲ್ಲವೇ’ ಎಂದು ಸುಮ್ಮನಿರಬಾರದು. ತೋರಿಸಲೇಬೇಕು. ತೋರಿಸಿದ್ದು ಸರಿ, ತೋರಿಸುವ ತನಕ ಓಟ ನಿಲ್ಲಿಸಿದ್ದೂ ಸರಿಯೇ ಇರಬಹುದು. ಆದರೆ ಅವಳೊಡನೆ ಕುಳಿತು ಒಂದು ಮಾತು ಹೇಳದೆ, ಕಳ್ಳಿಯಂತೆ ಶೂ ಅಡಗಿಸಿದ್ದು ಸರಿಯಲ್ಲ. ಅದನ್ನು ಅವಳಿಗೇ ಹೇಳಿದೆ. “ಮುಂದಿನ ವರ್ಷವೂ ಆಯ್ಕೆ ಇದೆ ಉಮ್ಮಾ” ಎಂದಳು.

ಅತ್ತೆ ಮಾತ್ರ ತಮ್ಮ ಮಣಿಕಟ್ಟು, ಮೊಮ್ಮಗಳ ಮಣಿಕಟ್ಟು ಎರಡನ್ನೂ ಮುಂದೆ ಚಾಚಿ ನನ್ನಿಂದ ಎಣಿಸಿದರು. ಯಂತ್ರದ ಸಹಾಯದಿಂದ ಅವರದ್ದು 60, ಅವಳದ್ದು 47. “ಹಾಗಾದರೆ ಓಟದಲ್ಲಿ ನಾನೇ ಮುಂದೆ!” ಎಂದು ನಕ್ಕರು.

ಈಗ ಬೆಳಿಗ್ಗೆ ಏಳುವ ಮೊದಲು ಮಲಗಿದ್ದಲ್ಲೇ ತನ್ನ ನಾಡಿ ಎಣಿಸಿ ಡೈರಿಯಲ್ಲಿ ಬರೆದಿಡುವುದು ಮಗಳ ರೂಢಿ. ಕೆಲವು ತಿಂಗಳ ಹಿಂದೆ ಒಂದು ದಿನ ಅದು 60 ಆಗಿತ್ತು. ಬೇರೆ ಯಾರಾದರೂ ನೋಡಿದ್ದರೆ ಈಗ ಸರಿಯಾಯಿತು ಎನ್ನುತ್ತಿದ್ದರೇನೋ! “ಇವತ್ತು ಓಟ ಇಲ್ಲ ಉಮ್ಮಾ, ಮೈ ಸರಿಯಿಲ್ಲ” ಎಂದು ಅವಳೇ ಹೊದ್ದು ಮಲಗಿದಳು. ಮಧ್ಯಾಹ್ನದ ಹೊತ್ತಿಗೆ ಜ್ವರ ಬಂತು. ಶೂ ಬಾಗಿಲ ಬಳಿಯೇ ಇತ್ತು.