ತಾಳೆಯಾಗದ ನಾಲ್ಕಾಣೆ

ಒಂದು ರಾತ್ರಿ ಅಮ್ಮನ ಲೆಕ್ಕದ ಪುಸ್ತಕದಲ್ಲಿ ನಾಲ್ಕಾಣೆ ತಾಳೆಯಾಗಲಿಲ್ಲ. ತಟ್ಟೆ ಹಾಕಿಯಾಗಿತ್ತು, ಅವಳು ಏಳಲಿಲ್ಲ. ಸೊಪ್ಪು, ಸೀಮೆಎಣ್ಣೆ, ತಮ್ಮನ ಪೆನ್ಸಿಲ್ಲು, ಅಪ್ಪನ ಬಸ್ ಚಾರ್ಜು, ಎಲ್ಲವನ್ನೂ ಬೆರಳ ಗೆಣ್ಣಿನ ಮೇಲೆ ಮತ್ತೆ ಎಣಿಸಿದಳು. ಕೊನೆಗೆ ಅಜ್ಜಿಗೆ ನೆನಪಾಯಿತು: ‘ಅಯ್ಯೋ, ಮಧ್ಯಾಹ್ನ ಇನ್ನೊಂದು ಮೊಳ ಹೂವು ತಗೊಂಡೆನಲ್ಲೇ!’ ಅಮ್ಮ ಬರೆದುಕೊಂಡು, ಅಡಿಗೆರೆ ಎಳೆದು, ಅನ್ನ ಬಡಿಸಿದಳು.

1957ರ ಏಪ್ರಿಲ್‌ನಲ್ಲೇ ಆಣೆ ಹೋಗಿ ನಯಾಪೈಸೆ ಬಂದಿತ್ತು. ಆದರೂ ಪುಸ್ತಕದಲ್ಲಿ 25 ಪೈಸೆ, ಬಾಯಲ್ಲಿ ನಾಲ್ಕಾಣೆ. ಆ ನಾಣ್ಯವೂ 2011ರ ಜೂನ್ 30ರ ಹೊತ್ತಿಗೆ ಚಲಾವಣೆಯಿಂದ ಹೋಯಿತು.

ಸಂಬಳದ ದಿನ ಅಪ್ಪ ಕವರನ್ನು ದೇವರ ಮುಂದಿಟ್ಟು ಅಮ್ಮನ ಕೈಗೆ ಕೊಡುತ್ತಿದ್ದರು. ಕ್ಯಾಲೆಂಡರಿನ ಮನೆಗಳಲ್ಲಿ ಬರೆದಿಟ್ಟ ಹಾಲಿನ ಲೆಕ್ಕ ಕೂಡಿ, ಬಾಡಿಗೆ, ಚೀಟಿ ಕಂತು ತೆಗೆದಿಟ್ಟ ಮೇಲೆ ದಿನಸಿ ಪಟ್ಟಿ. ಅವಳು ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ. ಮೇಲೆ ‘ಶ್ರೀ’, ಮೊದಲು ಅರಿಸಿನ, ಆಮೇಲೆ ಮಿಕ್ಕದ್ದು. ಅಕ್ಕಿ ಮುಗಿದಿದೆ ಅಂತ ಬಾಯಿತಪ್ಪಿಯೂ ಅನ್ನುವಂತಿಲ್ಲ, ‘ತುಂಬಿದೆ’ ಅನ್ನಬೇಕು. ತೊಗರಿಬೇಳೆ ಎರಡು ಕೆ.ಜಿ. ಎಂದು ಬರೆಸಿದವಳು ಸ್ವಲ್ಪ ತಡೆದು, ‘ಒಂದೂವರೆ ಮಾಡು, ಈ ಸಲ ಅಕ್ಕನ ಪರೀಕ್ಷೆ ಫೀಸಿದೆ’ ಅನ್ನುತ್ತಿದ್ದಳು. ಅದು ಅಕ್ಕನಿಗೂ ಕೇಳಿಸುತ್ತಿತ್ತು. ತಿಂಗಳ ಕೊನೆಗೆ ಸಾರು ಯಾಕೆ ತೆಳ್ಳಗಾಯಿತು ಎಂದು ನಾವ್ಯಾರೂ ಕೇಳಿದ್ದಿಲ್ಲ. ಗೊತ್ತಿರುತ್ತಿತ್ತು.

ಪುಸ್ತಕಕ್ಕೆ ಸೇರದ ದುಡ್ಡೂ ಇತ್ತು, ಸಾಸಿವೆ ಡಬ್ಬಿಯ ತಳದಲ್ಲಿ. ಅಪ್ಪ ಗೊತ್ತಿದ್ದೂ ಗೊತ್ತಿಲ್ಲದವರಂತೆ ಇದ್ದರು. ನಾನು ಮರದಿಂದ ಬಿದ್ದು ಕಾಲು ಮುರಿದುಕೊಂಡಾಗ ಆಟೋದಿಂದ ಔಷಧಿಯವರೆಗೆ ಎಲ್ಲಕ್ಕೂ ದುಡ್ಡು ಬಂದದ್ದು ಅಲ್ಲಿಂದಲೇ.

2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ಇನ್ನು ನಡೆಯುವುದಿಲ್ಲವೆಂದು ಟಿ.ವಿ.ಯಲ್ಲಿ ಬಂತು. ಬೆಳಿಗ್ಗೆ ಅಮ್ಮ ಡಬ್ಬಿ ತಂದು ನನ್ನ ಮುಂದಿಟ್ಟಳು. ನಾನೂ ಹೆಂಡತಿಯೂ ಎಣಿಸುತ್ತಿದ್ದರೆ ಅವಳು ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು, ಕದ್ದು ಸಿಕ್ಕಿಬಿದ್ದವಳ ಹಾಗೆ. ತನಗೆಂದು ಒಂದು ಸೀರೆಯನ್ನೂ ಆ ದುಡ್ಡಿನಲ್ಲಿ ತೆಗೆದುಕೊಂಡವಳಲ್ಲ! ಹಣವೆಲ್ಲ ಬ್ಯಾಂಕಿಗೆ ಹೋಯಿತು, ಒಂದು ರೂಪಾಯಿಯೂ ಮುಳುಗಲಿಲ್ಲ. ಆದರೆ ಆಮೇಲೆ ಅವಳು ಡಬ್ಬಿಗೆ ದುಡ್ಡು ಹಾಕಲಿಲ್ಲ. ಪುಸ್ತಕವೂ ಆ ಚಳಿಗಾಲದಲ್ಲೇ ನಿಂತಿತು.

ಈಗ ಮನೆಯಲ್ಲಿ ನಾಲ್ಕು ಫೋನು, ನಾಲ್ಕು ಖಾತೆ. ಸೊಪ್ಪಿನ ಗಾಡಿಗೂ ಸ್ಕ್ಯಾನ್ ಮಾಡುತ್ತೇವೆ. ಪೈಸೆ ಪೈಸೆಯ ಲೆಕ್ಕ ಫೋನಿನೊಳಗೆ ಇದೆ, ಅಮ್ಮನದಕ್ಕಿಂತ ಕರಾರುವಾಕ್ಕಾಗಿ. ಅದನ್ನು ಗಟ್ಟಿಯಾಗಿ ಓದುವವರಿಲ್ಲ, ಕೂತು ಕೇಳುವವರಿಲ್ಲ. ಮನೆ ಸಾಲದ ಕಂತು ಎಷ್ಟೆಂದು ಮಗಳಿಗೆ ಗೊತ್ತಿಲ್ಲ. ಅವಳು ಯಾವುದಕ್ಕೆ ಕೈ ಬಿಗಿ ಹಿಡಿದಿದ್ದಾಳೆಂದು ನನಗೂ ಗೊತ್ತಿಲ್ಲ. ಸಂಸಾರ ತೂಗಿಸುವ ಭಾರವನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದ ಆ ಕಾಲ ಹಾಗೇ ಮರಳಿ ಬರಲಿ ಎಂದು ನಾನು ಹೇಳಲಾರೆ. ಆ ಪಟ್ಟಿ ಬರೆಯುವ ಸಂಜೆಯೊಂದು ಉಳಿಯಬೇಕಿತ್ತು.

ಎಂಬತ್ತು ದಾಟಿದ ಅಮ್ಮ ಮೊನ್ನೆ ಒಂದನೇ ತಾರೀಖು ಕೇಳಿದಳು: ‘ಹೋದ ತಿಂಗಳು ಹಾಲಿಗೆ ಎಷ್ಟಾಯ್ತೋ?’

ಗೊತ್ತಿಲ್ಲ ಅಂದೆ.

‘ಯಾರಿಗೆ ಗೊತ್ತು ಮತ್ತೆ?’ ಅಂದಳು.