ಗುಜರಿಯ ಡ್ರಿಲ್ಲಿಂಗ್ ಮಿಷನ್

ಮೂವತ್ತೆರಡು ವರ್ಷ ಲೆಕ್ಕಪತ್ರ ಬರೆದು 2019ರಲ್ಲಿ ನಿವೃತ್ತನಾದವನು ಏನನ್ನು ಕೊಳ್ಳಬೇಕು? ದೊಡ್ಡಕ್ಷರದ ಭಗವದ್ಗೀತೆ, ಮಫ್ಲರು, ಮಂಡಿನೋವಿನ ಎಣ್ಣೆ. ಇವನ್ನು ಕೊಂಡರೆ ಯಾರ ಆಕ್ಷೇಪಣೆಯೂ ಇರುವುದಿಲ್ಲ. ನಾನು ಡ್ರಿಲ್ಲಿಂಗ್ ಮಿಷನ್ ಕೊಂಡೆ. ಅದೂ ಹೊಸದಲ್ಲ, ಗುಜರಿಯದು.

ಕಾರಣವಿಲ್ಲದೆ ಅಲ್ಲ. ನಮ್ಮ ನಡುಮನೆಯ ತೂಗುಮಣೆಯನ್ನು ಹೊತ್ತಿದ್ದ ಕಬ್ಬಿಣದ ಪಟ್ಟಿಗಳು ಸವೆದು, ಅವುಗಳ ತೂತುಗಳು ಮೊಟ್ಟೆಯಾಕಾರಕ್ಕೆ ಬಂದಿದ್ದವು. ಹೊಸ ಪಟ್ಟಿ ತಂದು ಕೈ ಡ್ರಿಲ್ಲಿನಿಂದ ಕೊರೆಯಲು ಹೋದರೆ ಅದು ಗುರುತಿನಿಂದ ಜಾರಿ ತನಗೆ ತೋಚಿದಲ್ಲಿಗೆ ಹೋಗುತ್ತಿತ್ತು. ಯಾವುದಾದರೂ ವರ್ಕ್‌ಶಾಪಿಗೆ ಕೊಟ್ಟಿದ್ದರೆ ನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತೆಂದು ನನ್ನಾಕೆ ಇಂದಿಗೂ ಹೇಳುತ್ತಾಳೆ. ಲೆಕ್ಕ ಸರಿಯಾಗಿದೆ, ಲೆಕ್ಕ ಬರೆದವನಾದ ನಾನು ಅದನ್ನು ಅಲ್ಲಗಳೆಯಲಾರೆ.

ಎಸ್.ಜೆ.ಪಿ. ರಸ್ತೆಯ ಹಿಂದಿನ ಒಂದು ಸಂದಿಯಲ್ಲಿ ಅದು ಸಿಕ್ಕಿತು. ಎದೆಮಟ್ಟದ ಉಕ್ಕಿನ ಕಂಬ, ಮೇಲೆ ನಾಲ್ಕು ಮೆಟ್ಟಿಲ ಪುಲ್ಲಿ, ನಡುವೆ ಒಂದು ಮೇಜು. ಹಿಂದಿನವರು ಕೆಳಗೆ ಮರದ ತುಂಡು ಇಡಲು ಸೋಮಾರಿತನಪಟ್ಟು ಮೇಜನ್ನೂ ಕೊರೆದಿದ್ದರಾಗಿ ಅದರ ಮೈಯೆಲ್ಲ ಸಿಡುಬಿನ ಕಲೆ. "ಎಣ್ಣೆ ಬಿಟ್ರೆ ಕುದುರೆ ಸಾರ್, ಕುದುರೆ" ಎಂದ ಅಂಗಡಿಯವನು. ಒಂಬತ್ತು ಸಾವಿರದಿಂದ ಏಳೂವರೆಗೆ ಇಳಿದಾಗ ನಾನು ಗೆದ್ದೆನೆಂದುಕೊಂಡೆ. ಅವನ ಮುಖ ನೋಡಿದ್ದರೆ ಗೆದ್ದವರಾರೆಂದು ತಿಳಿಯುತ್ತಿತ್ತು.

ಸೀಮೆಎಣ್ಣೆ, ತಂತಿ ಬ್ರಷ್ಷು, ಹೊಸ ಬೆಲ್ಟು, ಮೋಟಾರಿಗೆ ಎರಡು ಬೇರಿಂಗು, ಇವುಗಳಲ್ಲಿ ಮೂರು ವಾರ ಕಳೆಯಿತು. ನಾಲ್ಕನೆಯ ಭಾನುವಾರ ಗುಂಡಿ ಒತ್ತಿದೆ. ಕುದುರೆ ಓಡಿತು. ಡ್ರಿಲ್ಲು ಕಬ್ಬಿಣಕ್ಕೆ ತಗಲಿದ್ದೇ ತಡ, ಅದನ್ನು ಕಚ್ಚಿ ಹಿಡಿದ ಚಕ್ಕು ಸಮೇತ ಕಳಚಿ ಬಿದ್ದು ಮೇಜಿನಿಂದುರುಳಿ ತುಳಸಿಕಟ್ಟೆಯ ಬುಡ ಸೇರಿತು. ಎತ್ತಿ ಸಿಕ್ಕಿಸಿದರೆ ಮತ್ತೆ ಬಿತ್ತು. ಸುತ್ತಿಗೆ ತೆಗೆದುಕೊಂಡೆ.

ಪುಣ್ಯಕ್ಕೆ ಆ ವೇಳೆಗೆ ನಮ್ಮ ಬೀದಿಯ ವೃದ್ಧ ಟರ್ನರೊಬ್ಬರು ಗೇಟಿನ ಬಳಿ ನಿಂತು ನೋಡುತ್ತಿದ್ದರು. "ಸುತ್ತಿಗೆ ಕೆಳಗಿಡಿ ಸ್ವಾಮಿ" ಎಂದು ಒಳಗೆ ಬಂದರು. ಚಕ್ಕನ್ನು ಹಿಡಿದಿಡಲು ಅಲ್ಲಿ ತಿರುಪಿಲ್ಲ, ಮೊಳೆಯಿಲ್ಲ ಎಂಬುದು ನನಗೆ ಗೊತ್ತಾದದ್ದು ಆಗಲೇ. ಒಂದು ಓರೆ ಕಡ್ಡಿ ಒಂದು ಓರೆ ಕುಳಿಯೊಳಗೆ ಕೂರುತ್ತದೆ, ಅಷ್ಟೆ. ಇಪ್ಪತ್ತು ಮಿಲಿಮೀಟರು ಉದ್ದಕ್ಕೆ ಸುಮಾರು ಒಂದು ಮಿಲಿಮೀಟರು ಸಣ್ಣಗಾಗುವ ಈ ಓರೆಗೆ, 1863ರಲ್ಲಿ ಸುರುಳಿ ಡ್ರಿಲ್ಲಿಗೆ ಪೇಟೆಂಟ್ ಪಡೆದ ಅಮೆರಿಕದ ಸ್ಟೀಫನ್ ಮೋರ್ಸನ ಹೆಸರಿದೆ. ಎರಡೂ ಮೈ ಪೂರ್ತಿ ತಾಗಿದರೆ ಬರಿಯ ಘರ್ಷಣೆಯಿಂದ ಹಿಡಿದುಕೊಳ್ಳುತ್ತವೆ. ನಡುವೆ ಒಂದು ಚೂರು ಕಸವಿದ್ದರೆ ಬಿಡುತ್ತವೆ. ಟರ್ನರು ಕಡ್ಡಿಗೆ ತೆಳುವಾಗಿ ನೀಲಿ ಬಳಿದು ಒಳಗಿಟ್ಟು ತೆಗೆದರು. ಬಣ್ಣ ಒಂದೇ ಪಕ್ಕದಲ್ಲಿ ಅಳಿಸಿತ್ತು. "ಯಾರೋ ಸುತ್ತಿಗೇಲಿ ಹೊಡೆದು ಕೂರಿಸಿದ್ದಾರೆ. ಅಂಚು ಎದ್ದಿದೆ, ಉಗುರಾಡಿಸಿ ನೋಡಿ." ಅಂಚನ್ನು ಸಾಣೆಕಲ್ಲಿನಲ್ಲಿ ಉಜ್ಜಿ, ಕುಳಿಯನ್ನು ಬಟ್ಟೆಯಿಂದ ಒರೆಸಿ, ಕೊನೆಗೆ ಕಡ್ಡಿಯ ಸುತ್ತ ಹೆಬ್ಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸಿದರು.

ಆ ಹೆಬ್ಬೆರಳನ್ನು ನಾನು ಬಲ್ಲೆ. ನಮ್ಮಪ್ಪ ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆಯಲ್ಲಿ ಫಿಟ್ಟರು. ಪ್ರತಿದಿನ ಟಿಫಿನ್ ಕ್ಯಾರಿಯರು ಮುಚ್ಚುವ ಮುನ್ನ ಅದರ ಅಂಚಿನ ಮೇಲೆ ಹೀಗೆಯೇ ಹೆಬ್ಬೆರಳಾಡಿಸುತ್ತಿದ್ದರು. "ಅದೇನು ಮಿಷನ್ನೇ? ಮುಚ್ಚೀಂದ್ರೆ!" ಎಂದು ಅಮ್ಮ ಗೇಲಿ ಮಾಡುತ್ತಿದ್ದಳು, ನಾನೂ ನಗುತ್ತಿದ್ದೆ. ಅವರ ಕೆಲಸದ ಸಾಮಾನನ್ನು ಮುಟ್ಟಿದರೆ ತಾವೇ ಸೋಪು ಹಾಕಿ ನನ್ನ ಕೈ ತೊಳೆದು, "ಈ ಕೈಗೆ ಪೆನ್ನು ಸಾಕಪ್ಪ" ಎನ್ನುವರು. ಆ ಮಾತನ್ನು ನಾನು ಅಗತ್ಯಕ್ಕಿಂತ ಚೆನ್ನಾಗಿ ಕಲಿತೆ. ಕಾಲೇಜಿನ ಗೆಳೆಯನೊಬ್ಬ ಮನೆಗೆ ಬಂದಿದ್ದಾಗ ತಂದೆ ಏನು ಮಾಡುತ್ತಾರೆಂದು ಕೇಳಿದ. "ಕಾರ್ಖಾನೆಯಲ್ಲಿ ಆಫೀಸರು" ಎಂದೆ. ಅಪ್ಪ ಬಾಗಿಲ ಹಿಂದೆ ಚಪ್ಪಲಿ ಬಿಡುತ್ತಿದ್ದರು. ಒಳಗೆ ಬಂದು ಗೆಳೆಯನನ್ನು ಮಾತಾಡಿಸಿದರು, ಕೈಗಳನ್ನು ಮಾತ್ರ ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡಿದ್ದರು. 1998ರಲ್ಲಿ ತೀರಿಕೊಳ್ಳುವವರೆಗೂ ಅದರ ಪ್ರಸ್ತಾಪ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಟರ್ನರು ಕಾಫಿ ಕುಡಿದು, ಹನ್ನೆರಡು ಮಿಲಿಮೀಟರಿನ ಡ್ರಿಲ್ಲಿಗೆ ನಿಮಿಷಕ್ಕೆ ಎಂಟುನೂರು ಸುತ್ತು ಸಾಕೆಂದು ಬೆಲ್ಟನ್ನು ಕೆಳ ವೇಗದ ಮೆಟ್ಟಿಲಿಗೆ ಇಳಿಸಿದರು. ಪಟ್ಟಿಯನ್ನು ವೈಸಿನಲ್ಲಿ ಬಿಗಿಸಿ ಪಿಡಿ ಎಳೆದೆ. ಚಕ್ಕು ಬೀಳಲಿಲ್ಲ. ಡ್ರಿಲ್ಲಿನ ಎರಡು ಕಡೆಯಿಂದಲೂ ಬಿಸಿ ಸುರುಳಿಗಳು ಚಕ್ಕುಲಿಯಂತೆ ಸುತ್ತಿಕೊಂಡು ಮೇಲೆ ಬಂದವು. ನಾಲ್ಕು ತೂತೂ ಗುರುತಿನ ಮೇಲೆಯೇ ಬಿದ್ದವು.

ಸಂಜೆ ಒಂದು ಗೃಹಪ್ರವೇಶದ ಊಟವಿತ್ತು. ಎಷ್ಟು ಉಜ್ಜಿದರೂ ಉಗುರ ಸಂದಿನ ಕಪ್ಪು ಹೋಗಿರಲಿಲ್ಲ. ಪಕ್ಕದ ಎಲೆಯವರು ನೋಡಿ, "ಇದೇನು ಕೈ ಹೀಗಾಗಿದೆ?" ಎಂದರು. "ಮಿಷನ್ ಕೆಲಸ. ನಮ್ಮ ತಂದೆ ಫಿಟ್ಟರಾಗಿದ್ದರು" ಎಂದೆ.

ಅವರು "ಓಹೋ" ಎಂದು, ಹೋಳಿಗೆಗೆ ತುಪ್ಪ ಬರಲಿಲ್ಲವಲ್ಲ ಎಂದು ಆಚೆ ತಿರುಗಿದರು.